ಹಾರೆ ಹೋದ ದಾರಿ

ಡೊಂಬಿವಲಿಯಲ್ಲಿ ನಾಲ್ಕು ಮಳೆಗಾಲ ಕಳೆದವರಿಗೆ ನೆಲದ ಬಗ್ಗೆ ಒಂದು ವಿಶೇಷ ಜ್ಞಾನ ತಾನಾಗಿಯೇ ಪ್ರಾಪ್ತವಾಗುತ್ತದೆ. ಯಾವ ತಿರುವಿನಲ್ಲಿ ನೀರು ಪಾದದವರೆಗೆ, ಯಾವ ತಿರುವಿನಲ್ಲಿ ಮೊಣಕಾಲಿನವರೆಗೆ, ಯಾವ ಅಂಗಡಿಯ ಮುಂದೆ ಸೀರೆಯ ನೆರಿಗೆ ಎತ್ತಬೇಕು, ಎಲ್ಲಿ ಮರ್ಯಾದೆಯ ಆಸೆಯನ್ನೇ ಬಿಟ್ಟು ಚಪ್ಪಲಿಯನ್ನು ಕೈಗೆ ತೆಗೆದುಕೊಳ್ಳಬೇಕು ಎಂಬುದೆಲ್ಲ ನಮಗೆ ಪಂಚಾಂಗದಷ್ಟು ಖಚಿತವಾಗಿ ಗೊತ್ತು. ಇಂಥ ಊರಿನಲ್ಲಿ, ನಾಲ್ಕು ಕಟ್ಟಡಗಳ ನಡುವಿನ ನಮ್ಮ ಚೌಕ ತೋಟದ ನಟ್ಟನಡುವಿನ ಹುಲ್ಲಿನ ಮೇಲೆ, ಎಂಥ ಜಡಿಮಳೆ ಹೊಡೆದರೂ ಒಂದು ಬೊಗಸೆ ನೀರೂ ನಿಲ್ಲುತ್ತಿರಲಿಲ್ಲ ಎಂದರೆ ಅದು ನಮಗೆ ಎಷ್ಟು ಹೆಮ್ಮೆಯ ಸಂಗತಿಯಾಗಿತ್ತೆಂದು ನೀವೇ ಊಹಿಸಿ. ನೆಂಟರು ಬಂದರೆ ಮೊದಲು ಅದನ್ನೇ ತೋರಿಸುತ್ತಿದ್ದೆವು. ‘ನೋಡಿ, ಸುತ್ತ ಕೆರೆ, ನಡುವೆ ಮಾತ್ರ ಒಣಗಿದ ಜಗಲಿ’ ಎಂದು ಹೇಳಿ, ಆ ಹುಲ್ಲಿನ ಮೇಲೆ ಕಾಲಿನಿಂದ ಎರಡು ಸಲ ಬಲವಾಗಿ ತುಳಿದೂ ತೋರಿಸುತ್ತಿದ್ದೆವು. ಎಂಥದ್ದರ ಮೇಲೆ ತುಳಿಯುತ್ತಿದ್ದೇವೆಂದು ಆಗ ಗೊತ್ತಿರಲಿಲ್ಲ.

ಈ ಪವಾಡದ ಕರ್ತೃತ್ವಕ್ಕೆ ಹಕ್ಕುದಾರರು ಹಲವರಿದ್ದರು. ಸಂಜೀವ ಶೆಟ್ರ ಪ್ರಕಾರ ಅದು ಅವರು ವರ್ಷಗಟ್ಟಲೆ ಸುರಿದ ತೆಂಗಿನನಾರಿನ ಗೊಬ್ಬರದ ಮಹಿಮೆ. ಶೆಟ್ರು ಕಾರ್ಕಳದ ಕಡೆಯವರು. ಪಕ್ಕದ ಊರು ಕಲ್ಯಾಣದಲ್ಲಿ ಬಹುಕಾಲ ಹೋಟೆಲು ನಡೆಸಿ, ಗಲ್ಲಾವನ್ನು ಮಗನಿಗೆ ಒಪ್ಪಿಸಿ, ತಮ್ಮ ಉಪಚಾರಬುದ್ಧಿಯನ್ನು ತೋಟಕ್ಕೆ ವರ್ಗಾಯಿಸಿದವರು. ಗಿರಾಕಿಯ ತಟ್ಟೆಗೆ ಕೇಳದೆಯೇ ಎರಡನೇ ಸಲ ಸಾಂಬಾರು ಸುರಿಯುವ ಅಭ್ಯಾಸದಿಂದ ಗಿಡಗಳಿಗೂ ಎರಡೆರಡು ಸಲ ನೀರು ಹಾಕುತ್ತಿದ್ದರು. ಬಸವರಾಜ ಅಂಗಡಿಯವರ ವಾದ ಬೇರೆ. ಗದಗಿನ ಕಡೆಯ ಅವರು ರೈಲ್ವೆಯಲ್ಲಿ ಹಳಿಗಳ ಉಸ್ತುವಾರಿ ನೋಡಿ ನಿವೃತ್ತರಾಗಿ, ಈಗ ನಮ್ಮ ತೋಟ ಸಮಿತಿಯ ಕಾರ್ಯದರ್ಶಿಯಾಗಿದ್ದರು. ನೀರು ನಿಲ್ಲದಿರುವುದಕ್ಕೆ ತಾವು ನೆಲಕ್ಕೆ ಕೊಟ್ಟ ಇಳಿಜಾರೇ ಕಾರಣವೆಂದು ಅವರ ನಂಬಿಕೆ. ದಾಸವಾಳದ ಗಿಡಗಳನ್ನು ಸ್ಲೀಪರುಗಳಂತೆ ಸಮಾನ ಅಂತರದಲ್ಲಿ ನೆಡಿಸಿದ್ದ ಅವರಿಗೆ, ಯಾವುದಾದರೂ ಕೊಂಬೆ ಸಾಲು ತಪ್ಪಿ ಚಾಚಿಕೊಂಡರೆ ಹಳಿ ತಪ್ಪಿದ ಗಾಡಿಯನ್ನು ಕಂಡಷ್ಟು ಸಂಕಟವಾಗುತ್ತಿತ್ತು.

ತೋಟದ ಮೇಲೆ ಹಕ್ಕು ಹೂಡಿದ ಮೂರನೆಯವಳು ನಾನು. ಮೈಸೂರಿನಿಂದ ಮದುವೆಯಾಗಿ ಬಂದವಳು. ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣವನ್ನೂ ನೀತಿಕಥೆಗಳನ್ನೂ ಕಲಿಸಿದವಳು. ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವ ಕಾಲ ಬಂದಾಗ ನಿವೃತ್ತಿಯೂ ಬಂತು. ಆಮೇಲೆ ನನ್ನ ಅಧ್ಯಾಪನವನ್ನು ಗಿಡಗಳ ಮೇಲೆ ಮುಂದುವರಿಸಿ, ಒಂದೊಂದರ ಬುಡದಲ್ಲೂ ‘ಪಾರಿಜಾತ’, ‘ನಂದಿಬಟ್ಟಲು’, ‘ಶಂಖಪುಷ್ಪ’ ಎಂದು ದುಂಡಗೆ ಬರೆದ ಫಲಕ ನೆಟ್ಟೆ. ಮಕ್ಕಳು ಆ ಫಲಕಗಳನ್ನು ಕ್ರಿಕೆಟ್ಟಿನ ಸ್ಟಂಪುಗಳಾಗಿ ಬಳಸಿಕೊಂಡರು. ಪಾರಿಜಾತ ಅದೆಷ್ಟು ಸಲ ಬೋಲ್ಡ್ ಆಯಿತೋ ಲೆಕ್ಕವಿಲ್ಲ. ಆದರೂ ತೋಟ ನಮ್ಮದು ಎಂಬ ಭಾವ ನಾಲ್ಕೂ ಕಟ್ಟಡಗಳಲ್ಲಿತ್ತು. ನಾವು ಬಂದಾಗ ಆ ಜಾಗ ಬಿಲ್ಡರನ ನಕ್ಷೆಯಲ್ಲಿ ಹಸಿರು ಬಣ್ಣದ ‘ಗಾರ್ಡನ್’ ಆಗಿತ್ತು. ನೆಲದ ಮೇಲೆ ಮಾತ್ರ ಮುರಿದ ಟೈಲ್ಸು, ಒಡೆದ ವಾಶ್‌ಬೇಸಿನ್ನು, ಆಳೆತ್ತರದ ಕಳೆ. ಅದನ್ನು ಹೊತ್ತು ಹಾಕಿ, ಕೆಂಪುಮಣ್ಣು ತರಿಸಿ, ಹುಲ್ಲು ಹಾಸಿ, ಒಂದೊಂದು ಬದಿಯನ್ನು ಒಂದೊಂದು ಕಟ್ಟಡ ನೋಡಿಕೊಳ್ಳಬೇಕೆಂದು ಹಂಚಿಕೊಂಡು, ಹಂಚಿಕೊಂಡ ಮೇಲೆ ವಿಧಿವತ್ತಾಗಿ ಜಗಳವಾಡುತ್ತ ಅದನ್ನು ತೋಟ ಮಾಡಿದವರು ನಾವೇ.

ಈ ಸಮಷ್ಟಿಯಲ್ಲಿ ಸೇರದವರು ಒಬ್ಬರೇ: ಮರಾಠಿಯವರಾದ ಸುಮನ್‌ತಾಯಿ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವರ ಮನೆ. ಕಿಟಕಿ ತೋಟಕ್ಕೇ ತೆರೆಯುತ್ತದೆ. ಈ ಕಟ್ಟಡಗಳಿಗೆ ಮುಂಚೆ ಇಲ್ಲಿದ್ದ ಹೊಲ, ಮಾವಿನ ಮರಗಳೆಲ್ಲ ಅವರ ತಂದೆಯದಂತೆ. ಜಾಗ ಬಿಟ್ಟುಕೊಟ್ಟದ್ದಕ್ಕೆ ಅವರಿಗೆ ಸಿಕ್ಕಿದ್ದು ಈ ಮನೆ. ಬೇಸಿಗೆಯಲ್ಲಿ ಗಿಡಗಳು ಬಾಡಿದರೆ ತಮ್ಮ ಅಡುಗೆಮನೆಯ ನಲ್ಲಿಗೇ ಪೈಪು ಜೋಡಿಸಿ ಕಿಟಕಿಯಿಂದ ಹೊರಗೆ ಬಿಡುತ್ತಿದ್ದರು, ಹಬ್ಬಕ್ಕೆ ಎಲ್ಲರ ಮನೆಗೂ ಸಿಹಿ ಕಳಿಸುತ್ತಿದ್ದರು. ಆದರೆ ತೋಟದೊಳಗೆ ಮಾತ್ರ ಒಂದು ದಿನವೂ ಕಾಲಿಟ್ಟವರಲ್ಲ. ಅರಿಶಿನ ಕುಂಕುಮಕ್ಕೆ ಕರೆದರೂ ಗೇಟಿನ ಹೊರಗೇ ನಿಂತು ಹಣೆಗೆ ಹಚ್ಚಿಸಿಕೊಂಡು ಹೋಗುತ್ತಿದ್ದರು. ‘ಭೂಮಿಯ ಒಡತಿ ಅಲ್ವಾ, ನಮ್ಮಂಥ ಬಾಡಿಗೆಯ ಬುದ್ಧಿಯವರ ಜೊತೆ ಹುಲ್ಲಲ್ಲಿ ಕೂರ್ತಾರಾ?’ ಎಂದು ನಾವು ನಮ್ಮನಮ್ಮಲ್ಲೇ ಇತ್ಯರ್ಥ ಮಾಡಿಕೊಂಡಿದ್ದೆವು. ಕಾರಣವನ್ನು ಅವರನ್ನೇ ಕೇಳಬಹುದೆಂಬ ಸರಳೋಪಾಯ ಯಾರಿಗೂ ಹೊಳೆದಿರಲಿಲ್ಲ.

ಕಳೆದ ಸ್ವಾತಂತ್ರ್ಯ ದಿನಕ್ಕೆ ಧ್ವಜಸ್ತಂಭ ಯಾರ ಬದಿಯಲ್ಲಿರಬೇಕೆಂಬ ಪ್ರಶ್ನೆ ಎದ್ದಿತು. ಪ್ರತಿವರ್ಷ ಒಂದು ಗೇಟಿಗೆ ಬಿದಿರು ಕಟ್ಟಿ ಮುಗಿಸುತ್ತಿದ್ದೆವು. ಆ ವರ್ಷ ಶಾಶ್ವತವಾದ ಕಬ್ಬಿಣದ ಕಂಬ ಬಂದಿತ್ತು, ಶಾಶ್ವತವಾದದ್ದು ಬಂದ ಮೇಲೆ ಜಗಳವೂ ಗಟ್ಟಿಯಾಯಿತು. ನಾಲ್ಕು ಕಟ್ಟಡಗಳೂ ದೇಶಭಕ್ತಿಯಲ್ಲಿ ಒಂದನ್ನೊಂದು ಮೀರಿಸಿದವು. ಕೊನೆಗೆ ಅಂಗಡಿಯವರು ಮೇಜು ಕುಟ್ಟಿ, “ಯಾರ ಕಡೀನೂ ಬ್ಯಾಡ. ನಟ್ಟನಡಕ ನೆಡೂಣು. ಮುಗೀತಿಲ್ರಿ?” ಎಂದರು. ಎಲ್ಲರೂ ಒಪ್ಪಿದೆವು. ಮಧ್ಯಮ ಮಾರ್ಗ ಯಾವತ್ತೂ ಕ್ಷೇಮವೆಂದು ನಾನು ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ಆ ಬೆಳಿಗ್ಗೆ ಮಳೆ ಹೊಳವಾಗಿತ್ತು. ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಗೇಟಿನ ಹತ್ತಿರ ಗುಂಪುಗೂಡಿದ್ದರು. ಕಂಬ ನಿಂತ ಕೂಡಲೇ ಅವರು ಸುತ್ತ ಸಾಲಾಗಿ ನಿಂತು ಹಾಡಬೇಕು. ನಾನು ರಂಗೋಲಿ ಡಬ್ಬಿ ಹಿಡಿದು, ಕಂಬದ ಸುತ್ತ ಯಾವ ಎಳೆ ಬಿಡಬೇಕೆಂದು ಯೋಚಿಸುತ್ತ ಹುಲ್ಲಿನ ಅಂಚಿನಲ್ಲಿ ನಿಂತಿದ್ದೆ. ಶೆಟ್ರು ಲುಂಗಿ ಎತ್ತಿ ಕಟ್ಟಿ ಹಾರೆಯಿಂದ ಕುಳಿ ತೋಡುತ್ತಿದ್ದರು. ಕೂಲಿಯವನನ್ನು ಕರೆಯೋಣವೆಂದರೆ, “ಧ್ವಜದ ಕೆಲಸ ಮಾರಾಯ್ರೆ, ನಾನೇ ಮಾಡ್ತೇನೆ” ಎಂದು ಯಾರ ಮಾತನ್ನೂ ಕೇಳಿರಲಿಲ್ಲ. ಹಾರೆಗೆ ಏನೋ ಗಟ್ಟಿ ತಗಲಿ ಠಣ್ ಎಂದಿತು. “ಕಲ್ಲು ಉಂಟು” ಎಂದರು. ಸ್ವಲ್ಪ ಪಕ್ಕಕ್ಕೆ ಸರಿದು, ಹಾರೆಯನ್ನು ತಲೆಯ ಮೇಲೆತ್ತಿ ಶಕ್ತಿಯೆಲ್ಲ ಹಾಕಿ ಹೊಡೆದರು.

ಹಾರೆ ಇಳಿಯಿತು. ಇಳಿಯುತ್ತಲೇ ಹೋಯಿತು. ಶೆಟ್ರ ಕೈಯಿಂದ ಜಾರಿ, ಬೆಣ್ಣೆಯಲ್ಲಿ ಇಳಿದ ಚಾಕುವಿನ ಹಾಗೆ ಹುಲ್ಲಿನೊಳಗೆ ಪೂರ್ತಿಯಾಗಿ ಮಾಯವಾಯಿತು. ಶೆಟ್ರು ತಮ್ಮ ಖಾಲಿ ಅಂಗೈಗಳನ್ನು ನೋಡಿಕೊಂಡರು. ನಾನು ಅವರ ಅಂಗೈಗಳನ್ನು ನೋಡಿದೆ. ಅದೊಂದು ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು, ಇಷ್ಟುದ್ದದ ಹಾರೆಯನ್ನು ಇವರು ಎಲ್ಲಿ ಮರೆತರು ಎಂಬ ಮೂರ್ಖ ಪ್ರಶ್ನೆ. ಆಮೇಲೆ ನಮ್ಮ ಕಾಲಿನ ಅಡಿಯಿಂದ, ಬಹಳ ಕೆಳಗಿನಿಂದ, ಒಂದು ಶಬ್ದ ಬಂತು.

ಗುಳುಂ.

“ಶೆಟ್ಟಿ ಅಣ್ಣಾ, ಹಲೂ ನಕಾ!” ಎಂದು ಕಿಟಕಿಯಿಂದ ಒಂದು ಕಿರುಚು ಕೇಳಿತು. ಅಲುಗಾಡಬೇಡಿ! ಸುಮನ್‌ತಾಯಿ ಎರಡೂ ಕೈಗಳಿಂದ ಕಿಟಕಿಯ ಸರಳು ಹಿಡಿದಿದ್ದರು. “ಖಾಲೀ ವಿಹೀರ್ ಆಹೆ! ವಿಹೀರ್!”

ಕೆಳಗೆ ಬಾವಿ ಇದೆ ಎಂಬುದನ್ನು ಮರಾಠಿಯಿಂದ ಕನ್ನಡಕ್ಕೆ ತಂದುಕೊಳ್ಳುವಷ್ಟು ವ್ಯವಧಾನವೂ ನನಗೆ ಸಿಗಲಿಲ್ಲ. ಶೆಟ್ರ ಕಾಲ ಬುಡದ ಹುಲ್ಲು ಚಾಪೆಯ ಹಾಗೆ ಮಡಚಿಕೊಂಡಿತು. ಕಪ್ಪು ಚಪ್ಪಡಿಯೊಂದು ಓರೆಯಾಗಿ ಎದ್ದು, ಒಂದು ಸಲ ಹೊಳೆದು, ಒಳಕ್ಕೆ ಹೋಯಿತು. ಅದರ ಜೊತೆ ಶೆಟ್ರೂ ಹೋದರು. ಎದೆಯವರೆಗೆ ಹೋಗಿ ನಿಂತರು; ತುಕ್ಕು ಹಿಡಿದ ಕಬ್ಬಿಣದ ತೊಲೆಯೊಂದು ಅವರ ಕಂಕುಳಿಗೆ ಸಿಕ್ಕಿತ್ತು. ಜೀವಮಾನವಿಡೀ ನಾಲ್ಕು ಭಾಷೆಗಳಲ್ಲಿ ಗಿರಾಕಿಗಳನ್ನು ಮಾತಾಡಿಸಿದ ಮನುಷ್ಯ, ಆಗ ತಮ್ಮ ಮನೆಯ ತುಳುವಿನಲ್ಲಿ “ಅಪ್ಪೇ... ಅಪ್ಪೇ...” ಎಂದು ತಾಯಿಯನ್ನು ಕರೆದರು. ನಾನು ಅವರ ಕಡೆಗೆ ಒಂದು ಹೆಜ್ಜೆ ಇಟ್ಟಿರಬೇಕು.

“ಬರ್ಬೇಡಿ ಟೀಚರ್! ನೀವು ಬಂದ್ರೆ ಇಬ್ರೂ ಹೋಗ್ತೇವೆ!” ಎಂದು ಅವರೇ ಕೂಗಿದರು.

ಆಗ ನಾನು ಕಂಡದ್ದನ್ನು ಇಂದಿಗೂ ನಂಬಲಾರೆ. ತೋಟದೊಳಗೆ ಎಂದೂ ಕಾಲಿಡದ ಸುಮನ್‌ತಾಯಿ ಬರಿಗಾಲಿನಲ್ಲಿ ಗೇಟು ದಾಟಿ ಓಡಿ ಬಂದರು. ಬಂದವರು ನೇರ ಬರಲಿಲ್ಲ, ಕಣ್ಣಿಗೆ ಕಾಣದ ಒಂದು ವೃತ್ತದ ಅಂಚಿನ ಮೇಲೆ ನಡೆಯುವವರಂತೆ ಹುಲ್ಲಿನ ಮೇಲೆ ಬಳಸಿ ಬಂದು ಒಂದೆಡೆ ನಿಂತು, ಹಿಮ್ಮಡಿಯಿಂದ ನೆಲ ಕುಟ್ಟಿದರು. “ಇಲ್ಲಿ ಕಟ್ಟೆಯಿದೆ, ಕಲ್ಲಿನ ಕಟ್ಟೆ. ಇಲ್ಲಿ ನಿಲ್ಲಿ. ಒಳಗಡೆ ಯಾರೂ ಬರಬೇಡಿ!” ಅಂಗಡಿಯವರು ಅಷ್ಟರಲ್ಲಿ ಬಲ್ಬು ಬದಲಿಸುವ ಕಬ್ಬಿಣದ ಏಣಿಯನ್ನು ಎಳೆದುತಂದಿದ್ದರು. ಸುಮನ್‌ತಾಯಿ ತೋರಿಸಿದ ಕಡೆ ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಅದರ ಮೇಲೆ ಹೊಟ್ಟೆ ಹಚ್ಚಿ ತೆವಳಿದರು. ಹಿಂದಿನಿಂದ ಅವರ ಕಾಲುಗಳನ್ನು ಮಹಾಪೆ ಎಂಬಲ್ಲಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಪ್ರಶಾಂತ ಹಿಡಿದಿದ್ದ. ಪ್ರಶಾಂತನನ್ನು ಇನ್ನಾರೋ, ಅವರನ್ನು ಮತ್ತಾರೋ. ನಾಲ್ಕು ಕಟ್ಟಡಗಳು ಜಗಳವಿಲ್ಲದೆ ಒಂದೇ ದಿಕ್ಕಿಗೆ ಎಳೆದದ್ದು ಅದೇ ಮೊದಲು.

“ಕೈ ಕೊಡ್ರಿ ಶೆಟ್ರ! ಕೆಳಗ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ!”

“ನೋಡ್ತಾ ಇದ್ದೇನೆ ಮಾರಾಯ್ರೆ, ಅದೂ ಹೆದರಿಕೆಯೇ ಆಗ್ತದೆ!”

ಇಂಥ ಗಳಿಗೆಯಲ್ಲೂ ಹೀಗೆ ಹೇಳಿದ ಶೆಟ್ರನ್ನು ಏಣಿಯ ಸಮೇತ ಎಳೆದುಹಾಕಿದಾಗ ಅವರ ಲುಂಗಿ ಬಾವಿಯ ಪಾಲಾಗಿತ್ತು; ಕಂಕುಳ ತರಚಿ ರಕ್ತ ಬರುತ್ತಿತ್ತು. ಯಾರೋ ಧ್ವಜದ ಕಂಬಕ್ಕೆ ಸುತ್ತಿದ್ದ ಗೋಣಿಯನ್ನು ಬಿಚ್ಚಿ ಅವರಿಗೆ ಹೊದಿಸಿದರು. ಅವರನ್ನು ಎಳೆದ ಕೂಡಲೇ ಉಳಿದ ಚಪ್ಪಡಿಗಳೂ ಒಂದರ ಹಿಂದೊಂದು ಜಾರಿದವು. ಕೆಲವೇ ನಿಮಿಷಗಳ ನಂತರ ಬಿಳಿಬಟ್ಟೆಯ ಮಕ್ಕಳು ಸಾಲಾಗಿ ನಿಲ್ಲಬೇಕಾಗಿದ್ದ ಜಾಗದಲ್ಲಿ ಈಗ ದುಂಡಗಿನ ಕಪ್ಪು ಬಾಯಿ ತೆರೆದಿತ್ತು. ಗೇಟಿನ ಹತ್ತಿರದ ತಾಯಂದಿರು ತಮ್ಮತಮ್ಮ ಮಕ್ಕಳನ್ನು ಅಪ್ಪಿಕೊಂಡು, ಬಿಟ್ಟು, ಅವರೇ ಹೌದೋ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಂಡು ಮತ್ತೆ ಅಪ್ಪಿಕೊಳ್ಳುತ್ತಿದ್ದರು. ನನ್ನ ಕೈಯಲ್ಲಿ ರಂಗೋಲಿ ಡಬ್ಬಿ ಹಾಗೆಯೇ ಇತ್ತು. ಅದರ ಮುಚ್ಚಳವನ್ನು ನಾನು ತೆಗೆಯುತ್ತ, ಹಾಕುತ್ತ, ತೆಗೆಯುತ್ತ ನಿಂತಿದ್ದೆನಂತೆ.

ಸುಮನ್‌ತಾಯಿ ಒಬ್ಬರೇ ಅಂಚಿನ ಕಲ್ಲಿನ ಮೇಲೆ ಮಂಡಿಯೂರಿ ಕೆಳಗೆ ನೋಡುತ್ತಿದ್ದರು. ಭುಜ ಅಲುಗಾಡುತ್ತಿತ್ತು. ಹೆದರಿದ್ದಾರೆಂದು ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದು ತಿರುಗಿದಾಗ, ಇಷ್ಟು ವರ್ಷ ನಮ್ಮೊಡನೆ ಆಡುತ್ತಿದ್ದ ಪಟ್ಟಣದ ಮರಾಠಿ ಕಳಚಿ ಬಿದ್ದು ಅವರ ಹಳೆಯ ಹಳ್ಳಿಯ ಮಾತು ಹೊರಬಂದಿತ್ತು.

“ಪಾನೀ ಹಾಯ್ ಅಜೂನ್, ಟೀಚರ್. ಪಾನೀ ಹಾಯ್ ಅಜೂನ್!”

ಇನ್ನೂ ನೀರಿದೆ. ಅವರು ಅಳುತ್ತಿದ್ದದ್ದು ಅದಕ್ಕೆ.

ಅಗ್ನಿಶಾಮಕದವರು ಬಂದು ಹಗ್ಗ ಕಟ್ಟಿ, ನಗರಪಾಲಿಕೆಯ ಇಂಜಿನಿಯರು ಬಂದು ದೀಪ ಇಳಿಬಿಟ್ಟು ನೋಡಿ ಹೋದರು. ಮುಂದಿನ ಕೆಲವು ದಿನ ನಮ್ಮ ಕಟ್ಟಡಗಳಲ್ಲಿ ಎಲ್ಲರೂ ವಿಚಿತ್ರವಾಗಿ ನಡೆಯುತ್ತಿದ್ದರು. ಪಾರ್ಕಿಂಗಿನ ಗಟ್ಟಿ ಕಾಂಕ್ರೀಟಿನ ಮೇಲೂ ಮೊದಲು ಹೆಬ್ಬೆರಳು ಊರಿ, ಆಮೇಲೆ ಹಿಮ್ಮಡಿ. ನಾನಂತೂ ಮೂರನೇ ಮಹಡಿಯ ನಮ್ಮ ಅಡುಗೆಮನೆಯಲ್ಲೂ ಒಂದು ಟೈಲು ಟೊಳ್ಳು ಸದ್ದು ಮಾಡಿತೆಂದು ಅದರ ಮೇಲೆ ಕಾಲಿಡುವುದನ್ನು ಬಿಟ್ಟೆ. ನಮ್ಮ ಯಜಮಾನರು, ಕೆಳಗೆ ಬಾವಿಯಿಲ್ಲ, ಎರಡನೇ ಮಹಡಿಯ ನಾಯರ್ ಕುಟುಂಬ ಮಾತ್ರ ಇದೆ ಎಂದು ಸಮಾಧಾನ ಹೇಳಿದರು. ಸಮಾಧಾನವಾಗಲಿಲ್ಲ.

ಆಘಾತ ಇಳಿಯುತ್ತಿದ್ದಂತೆ ಅದರ ಜಾಗಕ್ಕೆ ಸಿಟ್ಟು ಬಂತು. ಸಿಟ್ಟಿಗೆ ಒಂದು ಮುಖ ಬೇಕಾಗುತ್ತದೆ. ಬಿಲ್ಡರನ ಮುಖ ಕಾಣದೆ ಎಷ್ಟೋ ಕಾಲವಾಗಿತ್ತು, ಸುಮನ್‌ತಾಯಿಯ ಮುಖ ಕಿಟಕಿಯಲ್ಲೇ ಇತ್ತು. ಭಾನುವಾರ ಹಗ್ಗದ ಹೊರಗೆ ಕುರ್ಚಿ ಹಾಕಿ ಸೇರಿದ ಸಭೆಯಲ್ಲಿ ಪ್ರಶಾಂತ ಎದ್ದು ನಿಂತ. ಅವನ ಇಬ್ಬರು ಮಕ್ಕಳೂ ದಿನಾ ಅದೇ ಹುಲ್ಲಿನ ಮೇಲೆ ಆಡಿದವರು. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ, “ಆಂಟಿ ಕೋ ಪತಾ ಥಾ! ಇಷ್ಟು ವರ್ಷ ಗೊತ್ತಿತ್ತು, ಅದಕ್ಕೇ ತಾವು ಮಾತ್ರ ಕಾಲಿಡಲಿಲ್ಲ!” ಎಂದು ಕೂಗಿದ. ನನಗೆ ಅವನ ಮಾತು ತಪ್ಪೆನ್ನಿಸಲಿಲ್ಲ. ನಾನೂ ಸುಮನ್‌ತಾಯಿಯ ಮುಖವನ್ನೇ ನೋಡಿದೆ.

ಅವರು ಮರಾಠಿಯಲ್ಲಿ, ನಿಧಾನವಾಗಿ ಹೇಳಿದ್ದು ಹೀಗಿತ್ತು: “ಜಾಗ ಕೊಡುವಾಗ ನಮ್ಮ ಬಾಬಾ ಒಂದೇ ಮಾತು ಕೇಳಿದ್ದು. ಬಾವಿಯನ್ನ ಬರೀ ಮುಚ್ಚಬೇಡಿ, ಮುಚ್ಚಿದ ಬಾವಿ ಒಂದಲ್ಲ ಒಂದು ದಿನ ಮಕ್ಕಳನ್ನ ನುಂಗುತ್ತೆ, ತಳದಿಂದ ಬಾಯಿವರೆಗೆ ಮಣ್ಣು ತುಂಬಿಸಿ ಅಂತ. ತುಂಬಿಸ್ತೀವಿ ಅಂದ್ರು. ಪೂಜೆ ಮಾಡಿ, ತೆಂಗಿನಕಾಯಿ ಬಿಟ್ಟು, ಕ್ಷಮೆ ಕೇಳಿ ಬಂದ್ವಿ. ಸುತ್ತ ತಗಡು ಕಟ್ಟಿದ್ರು. ಲಾರಿಗಳು ಬಂದು ಹೋಗೋದನ್ನ ಬಾಬಾ ನೋಡಿದ್ರು. ನಾನೂ ನೋಡಿದೆ. ತುಂಬಿಲ್ಲ ಅಂತ ಗೊತ್ತಿದ್ರೆ, ಮಕ್ಕಳು ಅದರ ಮೇಲೆ ಕುಣಿಯೋದನ್ನ ಕಿಟಕಿಯಲ್ಲಿ ಕೂತು ನೋಡ್ತಿದ್ದೆನೇ?”

“ಮತ್ತೆ ನೀವ್ಯಾಕೆ ಬರ್ತಿರಲಿಲ್ಲ?” ಪ್ರಶಾಂತ ಕೇಳಿದ. ಈಗ ಅವನ ಧ್ವನಿ ಇಳಿದಿತ್ತು.

“ನಮ್ಮ ಮನೆಯ ಬಾಣಂತಿಯರೆಲ್ಲ ಎದ್ದು ಓಡಾಡುವ ಹಾಗಾದ ಮೇಲೆ ಮೊದಲು ಅರಿಶಿನ ಕುಂಕುಮ ಇಟ್ಟದ್ದು ಆ ಕಟ್ಟೆಗೆ. ನನ್ನ ಆಯಿ ನನ್ನನ್ನ ಹೆತ್ತ ಮೇಲೆ ಇಟ್ಟಳು. ನಾನು ನನ್ನ ಮಗನನ್ನ ಹೆತ್ತ ಮೇಲೆ ಇಟ್ಟೆ. ಆ ಬಾವಿಯ ಗಂಗೆ ಸತ್ತು ಮಲಗಿದ್ದಾಳೆ ಅಂದುಕೊಂಡಿದ್ದೆ. ಸತ್ತವಳ ಎದೆ ಮೇಲೆ ಚಪ್ಪಲಿ ಹಾಕಿ ನಡೀಲಿಕ್ಕೆ ಕಾಲು ಬರಲಿಲ್ಲ ಅಷ್ಟೇ. ಆವತ್ತು ಹಾರೆ ಬಿದ್ದ ಸದ್ದು ಕೇಳಿತಲ್ಲ, ಆಗ ಗೊತ್ತಾಯ್ತು. ಆ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ್ದು.”

ಗಂಗೆಪೂಜೆಯನ್ನು ನಾನೂ ಮಾಡಿದವಳೇ. ಮೈಸೂರಿನ ತವರಿನ ಹಿತ್ತಲ ನಲ್ಲಿಯ ಮುಂದೆ ಕೂಸನ್ನು ಎತ್ತಿಕೊಂಡು ನಿಂತವಳು. ಆದರೆ ಒಂದು ಕಿಟಕಿಯ ಹಿಂದೆ ಇಂಥ ಮೌನಾಚರಣೆ ನಡೆಯುತ್ತಿರಬಹುದೆಂದು ಊಹಿಸುವ ಶಕ್ತಿ ನನಗಿರಲಿಲ್ಲ. ಅಂಗಡಿಯವರು ಎದ್ದು ನಿಂತು, ಇಂಜಿನಿಯರರ ಜೊತೆ ತಾವೂ ದೀಪದ ಬೆಳಕಿನಲ್ಲಿ ಒಳಗೆ ನೋಡಿದ್ದನ್ನು ಹೇಳಿದರು. “ತಾಯಿ, ನಿಮಗ ಹೆಂಗ ಹೇಳ್ಬೇಕೋ ತಿಳೀವಲ್ದು. ಒಂದು ಬುಟ್ಟಿ ಮಣ್ಣೂ ಬಿದ್ದಿಲ್ರಿ ಅದರಾಗ. ಬಾಯಿ ಮ್ಯಾಲ ಕಬ್ಬಿಣದ ತೊಲಿ ಇಟ್ಟು, ಕಲ್ಲು ಹೊಚ್ಚಿ, ಅದರ ಮ್ಯಾಲ ಮಣ್ಣು ಎಳದಾರ, ಅಷ್ಟ. ಮಳಿ ನೀರು ಅದರ ಸಂದಿನ್ಯಾಗ ಇಳಿದು ಹೋಗ್ತಿತ್ತು, ಅದಕ್ಕ ಹುಲ್ಲಿನ ಮ್ಯಾಲ ನಿಲ್ತಿರಲಿಲ್ಲ.” ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಸುಮನ್‌ತಾಯಿ “ಬಾಬಾ ನಂಬಿಕೊಂಡೇ ಹೋದರು” ಎಂದಷ್ಟೇ ಹೇಳಿ ಎದ್ದು ಮನೆಗೆ ನಡೆದರು.

ಆಮೇಲೂ ಸಭೆ ತೀರ್ಮಾನಿಸಿದ್ದು ಬಾವಿಯನ್ನು ತುಂಬಬೇಕೆಂದೇ. ಈ ಸಲ ನಿಜವಾಗಿ, ನಮ್ಮ ಕಣ್ಣೆದುರು. ನಾನೂ ಕೈ ಎತ್ತಿದೆ. ಕಣ್ಣು ಮುಚ್ಚಿದರೆ ಬಿಳಿ ಬಟ್ಟೆಯ ಸಾಲುಗಳು ಕಾಣುತ್ತಿದ್ದ ನನಗೆ ಬೇರೆ ಯಾವ ವಾದವೂ ಹಿಡಿಸುವಂತಿರಲಿಲ್ಲ. ವಿರೋಧಿಸಿದವರು, ಆಶ್ಚರ್ಯವೆಂದರೆ, ಶೆಟ್ರು.

“ಬಿದ್ದದ್ದು ನಾನು. ನನಗಿಲ್ಲದ ಹೆದರಿಕೆ ನಿಮಗ್ಯಾಕೆ?” ಕಂಕುಳಿನ ಬ್ಯಾಂಡೇಜು ತೋರಿಸುತ್ತ ಅವರು ಹೇಳಿದರು. “ನೇತಾಡ್ತಾ ಇರುವಾಗ ಕಾಲಿಗೆ ಕೆಳಗಿಂದ ತಂಪು ಗಾಳಿ ಬರ್ತಿತ್ತು ಗೊತ್ತುಂಟಾ? ನಮ್ಮ ಮನೆ ಬಾವಿಯದ್ದೇ ಗಾಳಿ. ಅದು ಒಳ್ಳೇ ನೀರು ಮಾರಾಯ್ರೆ, ಸಕ್ಕರೆ ಹಾಕಿದ ಹಾಗೆ ಸಿಹಿ ಇರ್ತದೆ. ಬೇಕಾದ್ರೆ ಬರೆದು ಕೊಡ್ತೇನೆ.” ಕಾಲಿನಿಂದ ನೀರಿನ ರುಚಿ ನೋಡಿದ ಮೊದಲ ಮನುಷ್ಯನೆಂದು ಎಲ್ಲರೂ ನಕ್ಕರು, ಘಟನೆಯ ನಂತರ ನಾವು ನಕ್ಕದ್ದು ಆಗಲೇ. ಆದರೆ ತೀರ್ಮಾನ ಬದಲಾಗಲಿಲ್ಲ.

ಮಣ್ಣಿನ ಲಾರಿಗಳನ್ನು ಗೊತ್ತುಮಾಡಿದವರು ಅಂಗಡಿಯವರೇ. ಅವು ಬಂದ ಬೆಳಿಗ್ಗೆ ಎಲ್ಲರೂ ಬಾಲ್ಕನಿಗಳಲ್ಲಿ ನಿಂತಿದ್ದೆವು. ಸುಮನ್‌ತಾಯಿಯ ಕಿಟಕಿ ಮುಚ್ಚಿತ್ತು. ಗೇಟಿನ ಒಂದು ಬದಿ ಕಳಚಿ ದಾರಿ ಮಾಡಿದ್ದರು. ಮೊದಲ ಲಾರಿ ಪೀಂ ಪೀಂ ಎನ್ನುತ್ತ ಹಿಂದಕ್ಕೆ ಬರತೊಡಗಿತು. ಅಂಗಡಿಯವರು ಕಲ್ಲಿನ ಕಟ್ಟೆಯ ಹತ್ತಿರ ನಿಂತು, ಗಾಡಿಗೆ ದಾರಿ ತೋರಿಸುವ ಹಳೆಯ ಗತ್ತಿನಿಂದ ಕೈಯಾಡಿಸುತ್ತಿದ್ದರು. ಬಾ, ಬಾ, ಬಾ. ಚಕ್ರ ಕಟ್ಟೆಯ ಹತ್ತಿರ ಬಂದಾಗ, ಇನ್ನೆಷ್ಟು ಜಾಗವಿದೆಯೆಂದು ನೋಡಲು ಅವರು ತಿರುಗಿ ಕೆಳಗೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಲಾರಿ ಬರುತ್ತಲೇ ಇತ್ತು. ಶೆಟ್ರು ತಮ್ಮ ಬಾಲ್ಕನಿಯಿಂದ “ಅಂಗಡಿಯವ್ರೇ!” ಎಂದು ಕೂಗಿದರು. ಆಗ ಅಂಗಡಿಯವರು ತಟ್ಟನೆ ನೆಟ್ಟಗಾಗಿ, ಎರಡೂ ಕೈಗಳನ್ನು ಮೇಲೆತ್ತಿ ಲಾರಿಗೆ ಅಡ್ಡ ನಿಂತರು.

“ಆಗೂದಿಲ್ಲ! ಬಂದ್ ಮಾಡ್! ನನ್ನ ಕೈಲೆ ಆಗೂದಿಲ್ರಿ ಇದು!”

ನಾವೆಲ್ಲ ಕೆಳಗೆ ಓಡಿದೆವು. ಗುಡುಗುವ ಗಂಟಲಿನ ಆ ಮನುಷ್ಯನ ಕಣ್ಣು ತುಂಬಿತ್ತು. “ನಮ್ಮವ್ವ ಎರಡು ಕೊಡ ನೀರಿಗಂತ ಹೊತ್ತು ಮೂಡೂಕಿಂತ ಮೊದಲ ಎದ್ದು ಹೋಗ್ತಿದ್ಲು. ಬಾವ್ಯಾಗ ಒರತಿ ಬರೂತನಕ ಕುಂತು, ಚರಗಿಲೆ ಬಳಕೊಂಡು ಬರಾಕಿ. ಅಲ್ನೋಡ್ರಿ, ಎಷ್ಟು ನೀರದ! ನೀರಿನ ಬಾಯಾಗ ಮಣ್ಣು ಹಾಕಿ ನಮ್ಮವ್ವಗ ಏನಂತ ಮಾರಿ ತೋರಿಸ್ಲಿ?”

ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, “ಸಾಬ್, ಮಾಲ್ ಕಹಾಂ ಡಾಲೂಂ?” ಎಂದು ಕೇಳಿದ. ಮಣ್ಣು ಎಲ್ಲಿ ಸುರಿಯಬೇಕೆಂದು ಅವನ ಪ್ರಶ್ನೆ. ಪ್ರಶಾಂತ ತನ್ನ ಮಕ್ಕಳಿಬ್ಬರ ಕೈ ಹಿಡಿದು ಕಟ್ಟೆಯವರೆಗೆ ಬಂದು, ಇಣುಕಿ ನೋಡಿ, “ಗೋಡೆ ಎತ್ತರಕ್ಕೆ ಕಟ್ಟಬೇಕು. ಮೇಲೆ ಗ್ರಿಲ್. ಬೀಗ. ಅಷ್ಟು ಮಾಡೋದಾದ್ರೆ ನಂದೂ ಒಪ್ಪಿಗೆ ಸಾರ್” ಎಂದ. ಮಣ್ಣನ್ನು ಸುತ್ತಲಿನ ಹೂವಿನ ಪಾತಿಗಳ ಮೇಲೆ ಸುರಿಸಿದೆವು. ನನ್ನ ಫಲಕಗಳು ಅದರೊಳಗೆ ಹೂತುಹೋದವು. ಯಾರೂ ಅದಕ್ಕಾಗಿ ಶೋಕಿಸಲಿಲ್ಲ.

ಇಂಜಿನಿಯರರ ಸಲಹೆಯಂತೆ ಒಳಗಿನ ಗೋಡೆ ಭದ್ರಪಡಿಸಿ, ಎದೆಯೆತ್ತರದ ಕಟ್ಟೆ ಕಟ್ಟಿ, ದಪ್ಪ ಸರಳಿನ ಜಾಲರಿ ಹಾಕಿ ಬೀಗ ಜಡಿಯುವಷ್ಟರಲ್ಲಿ ಚಳಿಗಾಲ ಕಳೆದಿತ್ತು. ಬೀಗದ ಕೈ ಯಾರಲ್ಲಿರಬೇಕೆಂದು ಚರ್ಚೆಯೇ ಆಗಲಿಲ್ಲ. ಪ್ರಶಾಂತನೇ ಹೋಗಿ ಸುಮನ್‌ತಾಯಿಯ ಕೈಯಲ್ಲಿಟ್ಟು ಬಗ್ಗಿ ಕಾಲು ಮುಟ್ಟಿದ. ಆ ದಿನದಿಂದ ತೋಟದಲ್ಲಿ ನಮ್ಮ ಗಣರಾಜ್ಯ ಕೊನೆಗೊಂಡು ಏಕಚಕ್ರಾಧಿಪತ್ಯ ಆರಂಭವಾಯಿತೆನ್ನಬಹುದು. ಗೇಟಿನ ಹೊರಗೆ ಮೌನವಾಗಿ ನಿಲ್ಲುತ್ತಿದ್ದ ಆ ಹೆಂಗಸು ಈಗ ಬೆಳಿಗ್ಗೆ ಸಂಜೆ ಕಟ್ಟೆಯ ಪಕ್ಕದ ಬೆಂಚಿನಲ್ಲಿ ಕುಳಿತು, ಶೆಟ್ರು ಹೆಚ್ಚು ನೀರು ಹಾಕಿದರೆ ಗದರಿಸುತ್ತಾರೆ, ಅಂಗಡಿಯವರ ಸಾಲು ವಕ್ರವಾಗಿದೆ ಎನ್ನುತ್ತಾರೆ, ಕಟ್ಟೆಯ ಹತ್ತಿರ ಚಪ್ಪಲಿ ಹಾಕಿ ಬಂದ ನನ್ನನ್ನು ಎರಡು ಸಲ ಹಿಂದಕ್ಕೆ ಕಳಿಸಿದ್ದಾರೆ.

ಒಂದು ಯೋಚನೆ ಮಾತ್ರ ನನ್ನನ್ನು ಬಿಡಲಿಲ್ಲ. ಆ ಬಿಲ್ಡರ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರೆ ಬಾವಿ ಆಗಲೇ ಸತ್ತಿರುತ್ತಿತ್ತು. ಶೆಟ್ರನ್ನು ಕೊಲ್ಲಲಿದ್ದ, ಮಕ್ಕಳನ್ನು ನುಂಗಲಿದ್ದ ಅದೇ ಮೋಸ ಕತ್ತಲಲ್ಲಿ ಇಷ್ಟು ವರ್ಷ ನೀರನ್ನು ಕಾಪಾಡಿತ್ತು. ಸತ್ಯ ಹೇಳಿದ್ದರಿಂದ ಉಳಿದ ಹಸು, ಸುಳ್ಳು ಹೇಳಿದ್ದರಿಂದ ಕೆಟ್ಟ ಕುರುಬ ಎಂದು ಮಕ್ಕಳಿಗೆ ಕಲಿಸಿ ಸಂಬಳ ಎಣಿಸಿದ ನನಗೆ, ಈ ಕಥೆಯ ಕೊನೆಯಲ್ಲಿ ಯಾವ ನೀತಿ ಬರೆಯಬೇಕೆಂದು ತೋಚಲಿಲ್ಲ. ಹಾರೆಯ ಹಾಗೆ ನನ್ನ ಪಾಠಗಳೂ ಕೈಜಾರಿ ಒಳಗೆಲ್ಲೋ ಬಿದ್ದಂತಾಗಿತ್ತು.

ಮೇ ತಿಂಗಳಲ್ಲಿ, ನಲ್ಲಿಯ ನೀರು ಕಡಿತವಾಗಿ ಸುತ್ತಲ ಸೊಸೈಟಿಗಳೆಲ್ಲ ಟ್ಯಾಂಕರಿನ ದಾರಿ ಕಾಯುತ್ತಿದ್ದ ಒಂದು ಸುಡುಮಧ್ಯಾಹ್ನ, ಸುಮನ್‌ತಾಯಿ ನನ್ನನ್ನು ಮನೆಗೆ ಕರೆದರು. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದ್ದೆವು. ಕುದಿಸಿ ಕುಡಿಯಬಹುದೆಂದು ಬಂದಿತ್ತು. ಅವರು ಕುದಿಸಿ, ಆರಿಸಿ, ಮಡಕೆಯಲ್ಲಿ ತುಂಬಿಟ್ಟಿದ್ದರು. ಲೋಟ ಕೈಗಿಡುವ ಮುಂಚೆ ನಾನು ನನ್ನ ಧರ್ಮಸಂಕಟವನ್ನು ನನಗೆ ತಿಳಿದ ಮರಾಠಿಯಲ್ಲಿ, ಸಾಕಷ್ಟು ದೀರ್ಘವಾಗಿಯೇ, ಅವರ ಮುಂದಿಟ್ಟೆ. ಮೋಸದಿಂದ ಒಳ್ಳೆಯದಾಯಿತೆಂದರೆ ನಾವು ಯಾರಿಗೆ ಕೃತಜ್ಞರಾಗಿರಬೇಕು?

“ಟೀಚರ್, ನೀವು ಬಹಳ ಯೋಚನೆ ಮಾಡ್ತೀರಿ. ಮೊದಲು ನೀರು ಕುಡೀರಿ.”

ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಂಪಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಆಯಿಯನ್ನು, ಬಾಬಾನನ್ನು, ಕಟ್ಟೆಗೆ ಕುಂಕುಮವಿಟ್ಟ ಅಷ್ಟೂ ಹೆಂಗಸರನ್ನು ನೆನೆದು, ಶೆಟ್ರ ಸಾಕ್ಷ್ಯವನ್ನೂ ನೆನೆದು, ಕಣ್ಣರಳಿಸಿ ಹೇಳಿದೆ: “ಎಷ್ಟು ಸಿಹಿ!”

ಸುಮನ್‌ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟರು. “ಖೋಟಂ ಬೋಲೂ ನಕಾ! ಸುಳ್ಳು ಹೇಳಬೇಡಿ ಟೀಚರ್. ಖಾಡಿ ಹತ್ತಿರದ ನೀರು, ಮಚೂಳ್ ಹಾಯ್. ಪೈಲೇಪಾಸೂನ್ ಮಚೂಳಚ್.”

ಖಾಡಿ ಎಂದರೆ ಸಮುದ್ರದ ಹಿನ್ನೀರು, ಮಚೂಳ್ ಎಂದರೆ ನಾವು ಸವಳು ಎನ್ನುತ್ತೇವಲ್ಲ, ಅದು. ಮೊದಲಿನಿಂದಲೂ ಅದು ಸವಳೇ. ಕೊಂಚ ಉಪ್ಪು, ಕೊಂಚ ಕಬ್ಬಿಣ. ನಾನು ಲೋಟ ಮುಂದೆ ಚಾಚಿದೆ. ಅವರು ಇನ್ನಷ್ಟು ಬಗ್ಗಿಸಿದರು.